ವಲಸಿಗರ ಲೆಕ್ಕ: ಖರ್ಚು ಇಂದೇ, ಇಲ್ಲೇ, ಜಮೆ ಮುಂದೆಂದೋ, ಇನ್ನೆಲ್ಲೋ

1964ರ ಸೆಪ್ಟೆಂಬರ್ 10ರಂದು ಪಶ್ಚಿಮ ಜರ್ಮನಿಯ ಕಲೋನ್ ನಗರದ ಡೊಯ್ಟ್ಸ್ ರೈಲು ನಿಲ್ದಾಣದಲ್ಲಿ ಬ್ಯಾಂಡಿನವರು, ಛಾಯಾಗ್ರಾಹಕರು, ಉದ್ಯಮಿಗಳ ಸಂಘದ ಪ್ರತಿನಿಧಿಗಳು ಕಾದು ನಿಂತಿದ್ದರು. ದಕ್ಷಿಣ ಯುರೋಪಿನಿಂದ ಕಾರ್ಮಿಕರನ್ನು ಹೊತ್ತು ತಂದ ವಿಶೇಷ ರೈಲು ಬಂದು ನಿಂತ ಮೇಲೆ ಧ್ವನಿವರ್ಧಕದಲ್ಲಿ ಅರ್ಮಾಂದೊ ರೊಡ್ರಿಗೆಸ್ ಎಂಬ ಹೆಸರು ಕೇಳಿಬಂತು. ಪೋರ್ಚುಗಲ್‌ನ 38 ವರ್ಷದ ಆ ಬಡಗಿಗೆ ಎದೆ ಧಸಕ್ಕೆಂದಿತಂತೆ. ಕಾಗದಪತ್ರದಲ್ಲಿ ಏನೋ ತಪ್ಪಾಗಿದೆ, ಬಂದ ದಾರಿಯಲ್ಲೇ ವಾಪಸು ಕಳಿಸುತ್ತಾರೆ ಎಂದುಕೊಂಡೇ ಆತ ಮುಂದೆ ಬಂದ. ಆದರೆ ಅವನ ಕೈಗೆ ಹೂಗುಚ್ಛ ಕೊಟ್ಟರು, ಹೊಚ್ಚಹೊಸ ಮೊಪೆಡ್ ಒಂದರ ಮೇಲೆ ಕೂರಿಸಿದರು, ಫೋಟೊ ತೆಗೆದರು. ಜರ್ಮನಿಗೆ ದುಡಿಯಲು ಬಂದ ಹತ್ತು ಲಕ್ಷದನೆಯ 'ಅತಿಥಿ ಕಾರ್ಮಿಕ' ಅವನೆಂದು ಪಟ್ಟಿಯಿಂದ ಆರಿಸಿದ್ದರು.

ಆ ಮೊಪೆಡ್ ಇಂದು ಬಾನ್ ನಗರದ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ರೊಡ್ರಿಗೆಸ್ ಕೆಲವು ವರ್ಷ ದುಡಿದು, ಕಾಯಿಲೆ ಬಿದ್ದು, ತನ್ನ ಹಳ್ಳಿಗೆ ಮರಳಿ 1979ರಲ್ಲಿ ತೀರಿಕೊಂಡ. ಜರ್ಮನಿಯ ಆರೋಗ್ಯ ವಿಮೆಯಲ್ಲಿ ತನಗೂ ಹಕ್ಕಿದೆ ಎಂಬುದು ತಿಳಿಯದೆ ಉಳಿತಾಯವನ್ನೆಲ್ಲ ಚಿಕಿತ್ಸೆಗೆ ಸುರಿದಿದ್ದನೆಂದು ಅವನ ಬದುಕನ್ನು ಕೆದಕಿದವರು ಬರೆದಿದ್ದಾರೆ. ಈ ಒಬ್ಬ ಮನುಷ್ಯನಿಂದ ಜರ್ಮನಿಗೆ ಆದ ಲಾಭವೆಷ್ಟು, ಖರ್ಚೆಷ್ಟು ಎಂದು ಕೇಳಿದರೆ ಉತ್ತರ ಸುಲಭ: ದುಡಿಮೆ ಸಂದಿತು, ವಂತಿಗೆ ಸಂದಿತು, ಪಡೆಯಬೇಕಾದುದನ್ನು ಆತ ಪಡೆಯಲೇ ಇಲ್ಲ. ಆದರೆ 1955ರಿಂದ 1973ರವರೆಗೆ ಆ ದೇಶಕ್ಕೆ ಬಂದ ಸುಮಾರು 1.4 ಕೋಟಿ ಜನರ ಲೆಕ್ಕ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಅವರಲ್ಲಿ ಸುಮಾರು 1.1 ಕೋಟಿ ಜನ ಹಿಂದಿರುಗಿದರು. ಉಳಿದವರ ಮಕ್ಕಳು, ಮೊಮ್ಮಕ್ಕಳು ಇಂದಿನ ಜರ್ಮನಿಯ ಅಂಗವೇ ಆಗಿದ್ದಾರೆ. ವಲಸಿಗರು ಒಂದು ದೇಶವನ್ನು ಹೇಗೆ ರೂಪಿಸುತ್ತಾರೆ ಎಂಬ ಚರ್ಚೆ ಎಲ್ಲ ಕಡೆ ಒಂದೇ ಬಗೆಯಲ್ಲಿ ಕಗ್ಗಂಟಾಗುವುದಕ್ಕೆ ಕಾರಣ, ನನ್ನ ದೃಷ್ಟಿಯಲ್ಲಿ, ಇಲ್ಲೇ ಇದೆ. ವಲಸೆಯ ಖರ್ಚು ಮೊದಲು ಬರುತ್ತದೆ, ಒಂದು ನಿರ್ದಿಷ್ಟ ಬೀದಿ, ಶಾಲೆ, ಆಸ್ಪತ್ರೆಯ ಮೇಲೆ ಬೀಳುತ್ತದೆ. ಅದರ ಜಮೆ ತಡವಾಗಿ ಬರುತ್ತದೆ, ಇಡೀ ದೇಶಕ್ಕೆ ಹಂಚಿಹೋಗುತ್ತದೆ, ಬಹುಪಾಲು ಮುಂದಿನ ತಲೆಮಾರಿನ ಖಾತೆಗೆ ಬೀಳುತ್ತದೆ. ಈ ಎರಡರ ನಡುವಿನ ಅಂತರ ಎಷ್ಟು ವರ್ಷ ಎಂಬುದನ್ನು ಬಂದವರ ಗುಣಕ್ಕಿಂತ ಹೆಚ್ಚಾಗಿ ಬರಮಾಡಿಕೊಂಡವರ ಕಾನೂನು ನಿರ್ಧರಿಸುತ್ತದೆ.

ಮೊದಲು ಗಾತ್ರದ ಅಂದಾಜು. ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ನೆಲೆಸಿದ್ದವರು 30.4 ಕೋಟಿ, ಜಗತ್ತಿನ ಜನಸಂಖ್ಯೆಯ ಶೇ. 3.7ರಷ್ಟು. ಅಂದರೆ ನೂರರಲ್ಲಿ ತೊಂಬತ್ತಾರು ಜನ ಹುಟ್ಟಿದ ದೇಶದಲ್ಲೇ ಬದುಕು ಕಳೆಯುತ್ತಾರೆ. ಚರ್ಚೆಯ ಸದ್ದು ಕೇಳಿದರೆ ಅರ್ಧ ಜಗತ್ತೇ ಗಂಟುಮೂಟೆ ಕಟ್ಟಿಕೊಂಡು ಹೊರಟಂತೆ ಅನ್ನಿಸುತ್ತದೆ, ಅಷ್ಟೆ. ಆದರೆ ಈ ಶೇ. 3.7 ಎಲ್ಲೆಡೆ ಸಮವಾಗಿ ಹರಡಿಕೊಂಡಿಲ್ಲ ಎಂಬುದನ್ನೂ ಒಪ್ಪಬೇಕು. ಆಸ್ಟ್ರೇಲಿಯದಲ್ಲಿ ಹತ್ತರಲ್ಲಿ ಸುಮಾರು ಮೂವರು ಹೊರಗೆ ಹುಟ್ಟಿದವರು. ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಜನ.

ಆರ್ಥಿಕತೆಯ ಮಾತು ಬಂದೊಡನೆ ಏಳುವ ಮೊದಲ ಪ್ರಶ್ನೆ ಕೂಲಿಯದು: ಹೊರಗಿನವರು ಬಂದರೆ ಇಲ್ಲಿನವರ ಕೆಲಸ ಹೋಗುವುದಿಲ್ಲವೇ? ಪ್ರಶ್ನೆ ಸಹಜವಾದದ್ದು. ಇದಕ್ಕೆ ಉತ್ತರ ಹುಡುಕಲು ಅರ್ಥಶಾಸ್ತ್ರಜ್ಞರಿಗೆ ಪ್ರಯೋಗಶಾಲೆಯಂತೆ ಒದಗಿಬಂದದ್ದು 1980ರ ಮಯಾಮಿ. ಫಿಡೆಲ್ ಕ್ಯಾಸ್ಟ್ರೊ ಮರಿಯೆಲ್ ಬಂದರನ್ನು ತೆರೆದು, ಹೋಗುವವರು ಹೋಗಬಹುದು ಎಂದಾಗ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 1.25 ಲಕ್ಷ ಕ್ಯೂಬನ್ನರು ದೋಣಿಗಳಲ್ಲಿ ಅಮೆರಿಕ ಸೇರಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಮಯಾಮಿಯಲ್ಲೇ ನಿಂತರು. ಕೆಲವೇ ತಿಂಗಳಲ್ಲಿ ಆ ನಗರದ ದುಡಿಯುವವರ ಸಂಖ್ಯೆ ಶೇ. 7ರಷ್ಟು ಏರಿತು. ಡೇವಿಡ್ ಕಾರ್ಡ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಯಾಮಿಯನ್ನು ಅಂಥವೇ ಬೇರೆ ನಗರಗಳೊಂದಿಗೆ ಹೋಲಿಸಿ, ಹಳೆಯ ನಿವಾಸಿಗಳ ಕೂಲಿಯ ಮೇಲಾಗಲಿ ಉದ್ಯೋಗದ ಮೇಲಾಗಲಿ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿಲ್ಲ ಎಂದರು. ಕಾಲು ಶತಮಾನದ ನಂತರ ಜಾರ್ಜ್ ಬೋರ್ಹಾಸ್ ಅವೇ ಅಂಕಿಅಂಶಗಳನ್ನು ಬೇರೆ ರೀತಿಯಲ್ಲಿ ಜರಡಿ ಹಿಡಿದು, ಪ್ರೌಢಶಾಲೆ ಮುಗಿಸದ ಗಂಡಸರ ಕೂಲಿ ತೀವ್ರವಾಗಿ ಕುಸಿದಿತ್ತು ಎಂದರು. ಅದಕ್ಕೆ ಉತ್ತರವಾಗಿ ಮತ್ತಿಬ್ಬರು, ಆ ವರ್ಷಗಳ ಸಮೀಕ್ಷೆಯ ಮಾದರಿಯಲ್ಲೇ ಕಪ್ಪು ಗಂಡಸರ ಪಾಲು ಏಕಾಏಕಿ ಹೆಚ್ಚಾಗಿದ್ದುದನ್ನು ತೋರಿಸಿ, ಕುಸಿತ ಕಂಡದ್ದು ಕೂಲಿಯಲ್ಲಲ್ಲ, ಎಣಿಕೆಯಲ್ಲಿ ಎಂದು ವಾದಿಸಿದರು. ಕಾರ್ಡ್, ಬೋರ್ಹಾಸ್ ಇಬ್ಬರೂ ಸಣ್ಣವರಲ್ಲ. ಕಾರ್ಡ್ 2021ರಲ್ಲಿ ನೊಬೆಲ್ ಪಡೆದವರು. ಬೋರ್ಹಾಸ್ ಸ್ವತಃ ಕ್ಯೂಬಾದಿಂದ ಬಾಲ್ಯದಲ್ಲಿ ವಲಸೆ ಬಂದವರು. ಇಷ್ಟು ದೊಡ್ಡ ಪ್ರವಾಹದ ಪರಿಣಾಮವನ್ನು ಕಾಣಲು ಇಷ್ಟು ಸಣ್ಣ ಜರಡಿ ಬೇಕಾಯಿತು ಎಂಬುದೇ ನನಗೆ ಈ ಜಗಳದಿಂದ ಸಿಗುವ ಮುಖ್ಯ ತಿಳಿವಳಿಕೆ.

ಕಾರಣ ಕಷ್ಟದ್ದಲ್ಲ. ಒಂದು ಊರಿನಲ್ಲಿ ಇರುವ ಕೆಲಸದ ಒಟ್ಟು ಮೊತ್ತ ಬಾವಿಯ ನೀರಿನಂತೆ ಅಳತೆಗೆ ಸಿಕ್ಕುವ ವಸ್ತುವಲ್ಲ. ಬಂದವನು ಕೆಲಸ ಹಿಡಿಯುತ್ತಾನೆ, ಜೊತೆಗೆ ಮನೆ ಬಾಡಿಗೆ ಹಿಡಿಯುತ್ತಾನೆ, ಬಟ್ಟೆ ಕೊಳ್ಳುತ್ತಾನೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತಾನೆ. ಆ ಬೇಡಿಕೆಯಿಂದ ಇನ್ನೊಬ್ಬನಿಗೆ ಕೆಲಸ ಹುಟ್ಟುತ್ತದೆ. ಉದ್ಯಮಿಯೂ ಸುಮ್ಮನಿರುವುದಿಲ್ಲ, ಜನ ಹೆಚ್ಚಿದ್ದರೆ ಜನರನ್ನು ಬಳಸುವ ವಿಧಾನ, ಜನ ಕಡಿಮೆಯಾದರೆ ಯಂತ್ರ. ಈ ಎರಡನೆಯದಕ್ಕೆ ಅಮೆರಿಕದಲ್ಲೇ ಸಾಕ್ಷಿಯಿದೆ. 1942ರಿಂದ ನಡೆದುಬಂದ 'ಬ್ರಸೇರೊ' ಒಪ್ಪಂದದ ಅಡಿಯಲ್ಲಿ ಮೆಕ್ಸಿಕೊದ ಹೊಲಗೂಲಿಗಳು ಋತುಮಾನಕ್ಕೆ ಬಂದು ಹೋಗುತ್ತಿದ್ದರು. 46 ಲಕ್ಷದಷ್ಟು ಗುತ್ತಿಗೆಗಳು ಹೀಗೆ ಆಗಿದ್ದವು. ಅವರಿಂದಾಗಿ ಸ್ಥಳೀಯ ಕೂಲಿಗಳ ಮಜೂರಿ ಏರುತ್ತಿಲ್ಲವೆಂದು 1964ರ ಕೊನೆಗೆ ಅದನ್ನು ರದ್ದುಮಾಡಲಾಯಿತು. ಮಜೂರಿ ಏರಿತೇ? ಹಳೆಯ ಕಡತಗಳನ್ನು ತೆರೆದು ರಾಜ್ಯದಿಂದ ರಾಜ್ಯಕ್ಕೆ ಹೋಲಿಸಿದ ಮೈಕೆಲ್ ಕ್ಲೆಮೆನ್ಸ್ ಮತ್ತು ಸಂಗಡಿಗರಿಗೆ ಅಂಥ ಏರಿಕೆ ಕಾಣಲಿಲ್ಲ. ಕ್ಯಾಲಿಫೋರ್ನಿಯದ ಟೊಮೆಟೊ ಬೆಳೆಗಾರರು ಕೂಲಿ ಹೆಚ್ಚಿಸುವ ಬದಲು ಕೊಯ್ಲಿನ ಯಂತ್ರ ಕೊಂಡರು. ಆ ಯಂತ್ರವೂ, ಯಂತ್ರದ ಹಿಡಿತಕ್ಕೆ ಒಡೆಯದ ಗಟ್ಟಿ ಸಿಪ್ಪೆಯ ಟೊಮೆಟೊ ತಳಿಯೂ ಅಷ್ಟರಲ್ಲಾಗಲೇ ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ತಯಾರಾಗಿದ್ದವು. ಯಂತ್ರ ಹೊಂದದ ಬೆಳೆಗಳನ್ನು ಕೆಲವರು ಬೆಳೆಯುವುದನ್ನೇ ಕಡಿಮೆ ಮಾಡಿದರು.

ಹಾಗೆಂದು ಯಾರಿಗೂ ನೋವಾಗುವುದಿಲ್ಲ ಎನ್ನುವುದು ಸುಳ್ಳು. ಹೊಸ ವಲಸಿಗನ ನೇರ ಪೈಪೋಟಿ ಇರುವುದು ಬಹುಮಟ್ಟಿಗೆ ಅವನಿಗಿಂತ ಹತ್ತು ವರ್ಷ ಮೊದಲು ಬಂದ ವಲಸಿಗನೊಂದಿಗೆ; ಭಾಷೆ ಬಾರದವರಿಗೆ ಮೀಸಲಾದ ಅವೇ ಕೆಲಸಗಳು, ಅವೇ ಬಾಡಿಗೆ ಕೋಣೆಗಳು. ಮನೆಗಳ ವಿಚಾರದಲ್ಲಂತೂ ಲೆಕ್ಕ ನಿಷ್ಠುರ. ಕೆಲಸ ಕೆಲಸವನ್ನು ಹುಟ್ಟಿಸಬಹುದು, ಆದರೆ ಮನೆ ಕಟ್ಟಲು ನೆಲ, ಪರವಾನಗಿ, ವರ್ಷಗಳು ಬೇಕು. ಕೆನಡ 1967ರಲ್ಲಿ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಪದ್ಧತಿ ತಂದು ಜಗತ್ತಿಗೇ ಮಾದರಿ ಎನ್ನಿಸಿಕೊಂಡ ದೇಶ. 2023ರಲ್ಲಿ ಅದರ ಜನಸಂಖ್ಯೆ ಒಂದೇ ವರ್ಷದಲ್ಲಿ ಶೇ. 3.2ರಷ್ಟು ಬೆಳೆಯಿತು, 1957ರ ನಂತರ ಕಾಣದ ವೇಗ, ಮತ್ತು ಅದರಲ್ಲಿ ಬಹುಪಾಲು ವಿದ್ಯಾರ್ಥಿಗಳು, ತಾತ್ಕಾಲಿಕ ಕಾರ್ಮಿಕರು. ಬಾಡಿಗೆ ಮುಗಿಲು ಮುಟ್ಟಿದ ಮೇಲೆ, 2024ರ ಅಕ್ಟೋಬರ್‌ನಲ್ಲಿ, 2025ಕ್ಕೆಂದು ಇಟ್ಟುಕೊಂಡಿದ್ದ ಐದು ಲಕ್ಷ ಕಾಯಂ ನಿವಾಸಿಗಳ ಗುರಿಯನ್ನು ಸರ್ಕಾರ 3.95 ಲಕ್ಷಕ್ಕೆ ಇಳಿಸಿತು. ಇದನ್ನು ದ್ವೇಷದ ಗೆಲುವು ಎಂದು ಓದುವವರಿದ್ದಾರೆ. ಜನರನ್ನು ಕರೆಯುವ ಇಲಾಖೆ, ಮನೆಗಳಿಗೆ ಅನುಮತಿ ಕೊಡುವ ನಗರಸಭೆ ಒಂದರ ಮುಖ ಒಂದು ನೋಡದೆ ಕೆಲಸ ಮಾಡಿದ್ದರ ಫಲ ಎಂದೇ ನಾನು ಓದುತ್ತೇನೆ.

ಈ ಬಿರುಕು ಸರ್ಕಾರದ ಬೊಕ್ಕಸದಲ್ಲಿ ಇನ್ನೂ ಸ್ಪಷ್ಟ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ಹೊರತಂದ ದೊಡ್ಡ ವರದಿಯ ಸಾರ ಎರಡು ವಾಕ್ಯದಲ್ಲಿ ಹೇಳಬಹುದಾದದ್ದು. ಮೊದಲ ತಲೆಮಾರಿನ ವಲಸಿಗರು ರಾಜ್ಯ ಮತ್ತು ಸ್ಥಳೀಯ ಆಡಳಿತಗಳಿಗೆ ಕೊಡುವುದಕ್ಕಿಂತ ಹೆಚ್ಚು ಖರ್ಚು ತರುತ್ತಾರೆ. ಮುಖ್ಯ ಕಾರಣ ಅವರ ಮಕ್ಕಳ ಶಾಲೆ. ಆ ಮಕ್ಕಳು ದೊಡ್ಡವರಾದ ಮೇಲೆ, ಇಡೀ ಜನಸಂಖ್ಯೆಯಲ್ಲೇ ಅತ್ಯಂತ ಹೆಚ್ಚು ತೆರಿಗೆ ಸಲ್ಲಿಸುವ ಗುಂಪುಗಳಲ್ಲಿ ಒಂದಾಗುತ್ತಾರೆ. ವಿರೋಧಿಗಳು ಮೊದಲ ವಾಕ್ಯವನ್ನು ಉಲ್ಲೇಖಿಸುತ್ತಾರೆ, ಬೆಂಬಲಿಗರು ಎರಡನೆಯದನ್ನು. ಒಂದೇ ಮಗುವಿನ ಶಾಲೆಯ ಖರ್ಚು ಒಂದು ಪಟ್ಟಣದ ಪುಸ್ತಕದಲ್ಲಿ ವೆಚ್ಚವಾಗಿ ಬರೆಯಲ್ಪಟ್ಟು, ಮೂವತ್ತು ವರ್ಷದ ಮೇಲೆ ಬೇರೊಂದು ನಗರದಿಂದ ಕೇಂದ್ರದ ಬೊಕ್ಕಸಕ್ಕೆ ತೆರಿಗೆಯಾಗಿ ಬರುತ್ತದೆ. ಖರ್ಚು ಹೊತ್ತ ಪಟ್ಟಣಕ್ಕೆ ಆ ತೆರಿಗೆಯ ಪಾಲು ಹಿಂದಿರುಗುವ ವ್ಯವಸ್ಥೆ ಇಲ್ಲದಿದ್ದರೆ ಆ ಪಟ್ಟಣದವರು ಸಿಟ್ಟಾಗುವುದು ಅಜ್ಞಾನದಿಂದಲ್ಲ. ಅವರ ಪುಸ್ತಕದಲ್ಲಿ ಇರುವುದು ಅಷ್ಟೇ.

ಜಮೆ ಎಷ್ಟು ತಡವಾಗಿ ಬರಬಹುದು ಎನ್ನುವುದಕ್ಕೆ ಇತಿಹಾಸದಿಂದ ಒಂದು ಅಳತೆ ಸಿಗುತ್ತದೆ. 1685ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ, ಪ್ರಾಟೆಸ್ಟಂಟರಿಗೆ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿದ್ದ ನಾಂತ್ ಶಾಸನವನ್ನು ರದ್ದುಮಾಡಿದ. ಹ್ಯೂಗನಾಟರೆಂದು ಕರೆಸಿಕೊಂಡಿದ್ದ ಆ ಜನ ಗಡಿ ದಾಟಿ ಓಡಿದರು. ನಿರಾಶ್ರಿತರನ್ನು ಕುರಿತ 'ರೆಫ್ಯೂಜಿ' ಎಂಬ ಪದ ಇಂಗ್ಲಿಷಿಗೆ ಬಂದದ್ದೇ ಅವರಿಂದ. ಅದೇ ವರ್ಷ ಇಂದಿನ ಜರ್ಮನಿಯಲ್ಲಿರುವ ಬ್ರಾಂಡೆನ್‌ಬರ್ಗ್‌ನ ದೊರೆ ಫ್ರೆಡ್ರಿಕ್ ವಿಲ್ಹೆಲ್ಮ್ ಪೋಟ್ಸ್‌ಡಾಮ್‌ನಿಂದ ಆಜ್ಞೆ ಹೊರಡಿಸಿ, ಬಂದವರಿಗೆ ಕೆಲವು ವರ್ಷ ತೆರಿಗೆ ಮಾಫಿ, ಕಸುಬುದಾರರ ಸಂಘಗಳಿಗೆ ಪ್ರವೇಶ, ಅವರ ಭಾಷೆಯಲ್ಲೇ ಪ್ರಾರ್ಥನೆ ಎಂದು ಸಾರಿದ. ಮೂವತ್ತು ವರ್ಷಗಳ ಯುದ್ಧದಿಂದ ಜನ ಸತ್ತು ಬರಿದಾಗಿದ್ದ ಅವನ ನಾಡಿಗೆ ಸುಮಾರು 20,000 ಜನ ಬಂದರು. 1700ರ ವೇಳೆಗೆ ಬರ್ಲಿನ್ನಿನ ಐವರಲ್ಲಿ ಒಬ್ಬರು ಫ್ರೆಂಚರು. ನೂರು ವರ್ಷ ದಾಟಿದ ಮೇಲೆ, 1802ರ ಸುಮಾರಿನ ಪ್ರಷ್ಯದ (ಬ್ರಾಂಡೆನ್‌ಬರ್ಗ್ ಆಗ ಸೇರಿದ್ದ ರಾಜ್ಯ) ಬಟ್ಟೆ ಕಾರ್ಖಾನೆಗಳ ದಾಖಲೆಗಳನ್ನು ಎರಿಕ್ ಹಾರ್ನುಂಗ್ ಎಂಬ ಅರ್ಥಶಾಸ್ತ್ರಜ್ಞ ಪರಿಶೀಲಿಸಿದಾಗ, ಹ್ಯೂಗನಾಟರು ಹೆಚ್ಚಾಗಿ ನೆಲೆಸಿದ್ದ ಊರುಗಳ ಕಾರ್ಖಾನೆಗಳ ಉತ್ಪಾದಕತೆಯೂ ಹೆಚ್ಚಾಗಿದ್ದುದು ಕಂಡುಬಂತು. ಮಗ್ಗದ ಕೈಚಳಕ ತಲೆಮಾರುಗಳನ್ನು ದಾಟಿ ಊರಿನದ್ದೇ ಆಗಿಹೋಗಿತ್ತು. ಆ ದೊರೆಯ ಔದಾರ್ಯವನ್ನು ಹೊಗಳುವುದು ವಾಡಿಕೆ. ಅವನ ವ್ಯವಹಾರಜ್ಞಾನವನ್ನೂ ಹೊಗಳಬೇಕು. ಬಂದವರು ಕಸುಬು ನಡೆಸಲು ಮೊದಲ ದಿನದಿಂದಲೇ ಅಡ್ಡಿಯಿಲ್ಲದಂತೆ ಅವನು ನೋಡಿಕೊಂಡ.

ಅಡ್ಡಿಯಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಜರ್ಮನಿಯಿಂದ ಹತ್ತಿರದ ನಿದರ್ಶನವಿದೆ. 1990ರ ದಶಕದ ಕೊನೆಗೆ ಯುಗೊಸ್ಲಾವಿಯದ ಯುದ್ಧದಿಂದ ಓಡಿಬಂದವರಲ್ಲಿ, ಕಾನೂನು ಬದಲಾದ ಕಾರಣಕ್ಕೆ, ಒಂದು ವರ್ಷ ಬಂದವರು ಕೆಲಸಕ್ಕೆ ಸೇರಲು ಮುಂದಿನ ವರ್ಷ ಬಂದವರಿಗಿಂತ ಸುಮಾರು ಏಳು ತಿಂಗಳು ಹೆಚ್ಚು ಕಾಯಬೇಕಾಯಿತು. ಐದು ವರ್ಷದ ಮೇಲೆ ನೋಡಿದರೆ, ಹೆಚ್ಚು ಕಾದವರಲ್ಲಿ ಉದ್ಯೋಗದಲ್ಲಿದ್ದವರ ಪ್ರಮಾಣ ಶೇಕಡಾವಾರು ಲೆಕ್ಕದಲ್ಲಿ 20 ಅಂಶದಷ್ಟು ಕಡಿಮೆ ಇತ್ತು. ಆ ಕೊರತೆ ತುಂಬಲು ಹತ್ತು ವರ್ಷವಾಯಿತು. ಏಳು ತಿಂಗಳ ಸುಮ್ಮನೆ ಕೂರಿಸುವಿಕೆ ಕೆಲಸದ ಅಭ್ಯಾಸವನ್ನು, ಆತ್ಮವಿಶ್ವಾಸವನ್ನು ಎಷ್ಟು ಕೊರೆಯುತ್ತದೆ ಎಂಬುದು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಯಾರಿಗಾದರೂ ಗೊತ್ತು. ಹೀಗೆ ಕೂರಿಸಿದವರನ್ನೇ ಆಮೇಲೆ ಸೋಮಾರಿಗಳು, ಸರ್ಕಾರದ ಹಣ ತಿನ್ನುವವರು ಎಂದು ಬೈಯುವುದು ಒಂದು ವಿಚಿತ್ರ ನ್ಯಾಯ.

ಪೌರತ್ವದ ಪರಿಣಾಮವನ್ನು ಅಳೆಯಲು ಸ್ವಿಟ್ಜರ್ಲೆಂಡ್ ಅನುಕೂಲ ಮಾಡಿಕೊಟ್ಟಿತು, ಬೇಕೆಂದೇನೂ ಅಲ್ಲ. ಅಲ್ಲಿನ ಕೆಲವು ಊರುಗಳಲ್ಲಿ ವಿದೇಶೀಯನೊಬ್ಬ ಪೌರತ್ವಕ್ಕೆ ಅರ್ಜಿ ಹಾಕಿದರೆ ಊರವರೆಲ್ಲ ಗುಪ್ತ ಮತದಾನ ಮಾಡುತ್ತಿದ್ದರು. ಅರ್ಜಿದಾರನ ವಯಸ್ಸು, ಉದ್ಯೋಗ, ಮೂಲದೇಶ ಇರುವ ಕರಪತ್ರ ಮನೆಮನೆಗೆ ಬರುತ್ತಿತ್ತು; ಹೌದು, ಇಲ್ಲ ಎಂದು ಗುರುತು ಹಾಕುವುದು. 2003ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಈ ಪದ್ಧತಿಯನ್ನು ನಿಲ್ಲಿಸಿತು. ಕೆಲವೇ ಮತಗಳಿಂದ ಗೆದ್ದವರಿಗೂ ಕೆಲವೇ ಮತಗಳಿಂದ ಸೋತವರಿಗೂ ಅರ್ಹತೆಯಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಕೈಗೆ ಬಂದ ಕಾಗದದಲ್ಲಿ ಮಾತ್ರ. ವರ್ಷಗಳ ನಂತರ ಈ ಎರಡು ಗುಂಪುಗಳನ್ನು ಹೋಲಿಸಿದ ಸಂಶೋಧಕರಿಗೆ ಗೆದ್ದವರ ಸಂಪಾದನೆ ಸ್ಪಷ್ಟವಾಗಿ ಹೆಚ್ಚಾಗಿದ್ದುದು ಕಂಡಿತು, ಅದರಲ್ಲೂ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿದ್ದವರದ್ದು. ಪೌರತ್ವವೆಂದರೆ ಬೆರೆತುಕೊಂಡದ್ದಕ್ಕೆ ಕೊನೆಯಲ್ಲಿ ಕೊಡುವ ಬಹುಮಾನ ಎಂಬ ನಂಬಿಕೆ ಅನೇಕ ದೇಶಗಳಲ್ಲಿದೆ. ಇಲ್ಲಿ ಅದು ಬೆರೆಯುವುದಕ್ಕೆ ಕಾರಣವೇ ಆಗಿತ್ತು.

ಜನ ಬೇಕು, ಆದರೆ ನೆಲೆಸಬಾರದು ಎಂಬ ಆಸೆ ಇಂದಿಗೂ ಜೀವಂತ. ಜಪಾನಿನ ಜನಸಂಖ್ಯೆ ಕುಗ್ಗುತ್ತಿದೆ. ವಿದೇಶಿ ನಿವಾಸಿಗಳ ಸಂಖ್ಯೆ 2024ರ ಕೊನೆಗೆ 37 ಲಕ್ಷ ದಾಟಿತು. ಆದರೂ ಬಹುಕಾಲ ಅಲ್ಲಿಗೆ ಬಂದ ಕಾರ್ಮಿಕರನ್ನು ಕಾರ್ಮಿಕರೆಂದು ಕರೆಯದೆ, ಕಸುಬು ಕಲಿಯಲು ಬಂದ ತರಬೇತಿ ಅಭ್ಯರ್ಥಿಗಳೆಂದು ಕರೆಯಲಾಯಿತು. ಮಾಲೀಕ ಎಷ್ಟೇ ಕೆಟ್ಟವನಿದ್ದರೂ ಅವರು ಕೆಲಸ ಬದಲಾಯಿಸುವಂತಿರಲಿಲ್ಲ. 2023ರ ಒಂದೇ ವರ್ಷದಲ್ಲಿ ಅಂಥ 9,700ಕ್ಕೂ ಹೆಚ್ಚು ಮಂದಿ ಕೆಲಸದ ಜಾಗದಿಂದ ಕಾಣೆಯಾದರು. ಆ ವ್ಯವಸ್ಥೆಯನ್ನು ಕೈಬಿಟ್ಟು, ಕೆಲವು ಷರತ್ತುಗಳ ಮೇಲೆ ಕೆಲಸ ಬದಲಿಸಲು ಅವಕಾಶವಿರುವ ಹೊಸ ಪದ್ಧತಿಯನ್ನು 2027ರಿಂದ ತರಲು ಕಾನೂನಾಗಿದೆ. ಕೊಲ್ಲಿ ರಾಷ್ಟ್ರಗಳ 'ಕಫಾಲ' ವ್ಯವಸ್ಥೆಯೂ ಇದೇ ಜಾತಿಯದು. ಮಾಲೀಕನನ್ನು ಬಿಡಲಾಗದ ಕಾರ್ಮಿಕನ ಕೂಲಿ ಕೆಳಗಿರುತ್ತದೆ, ಅವನ ಪಕ್ಕದಲ್ಲಿ ದುಡಿಯುವ ಸ್ಥಳೀಯನ ಕೂಲಿಯನ್ನೂ ಅದು ಕೆಳಗೆಳೆಯುತ್ತದೆ. ಕೂಲಿಯ ಕುಸಿತಕ್ಕೆ ನಿಜವಾಗಿ ಹೆದರುವವರು ಮೊದಲು ಕೇಳಬೇಕಾದದ್ದು ಈ ಹಗ್ಗವನ್ನು ಬಿಚ್ಚಿ ಎಂದು.

ಬಾಗಿಲು ಮುಚ್ಚುವುದರಿಂದ ಆಗುವುದೂ ಅಂದುಕೊಂಡದ್ದಲ್ಲ. ತೈಲ ಬಿಕ್ಕಟ್ಟಿನ ಹೊತ್ತಿಗೆ, 1973ರ ನವೆಂಬರ್‌ನಲ್ಲಿ, ಪಶ್ಚಿಮ ಜರ್ಮನಿ ಹೊಸ ಕಾರ್ಮಿಕರ ನೇಮಕವನ್ನು ನಿಲ್ಲಿಸಿತು. ಆಗ ದೇಶದಲ್ಲಿದ್ದ ವಿದೇಶೀಯರು ಸುಮಾರು 40 ಲಕ್ಷ. 1980ರ ವೇಳೆಗೆ ಆ ಸಂಖ್ಯೆ 44 ಲಕ್ಷ ದಾಟಿತ್ತು. ಅಲ್ಲಿಯವರೆಗೆ ಎರಡು ವರ್ಷ ದುಡಿದು ಊರಿಗೆ ಹೋಗಿ ಮತ್ತೆ ಬರುತ್ತಿದ್ದವರಿಗೆ, ಈ ಸಲ ಹೋದರೆ ಮತ್ತೆ ಬಿಡುವುದಿಲ್ಲ ಎಂಬುದು ಖಚಿತವಾಯಿತು. ಹೋಗುವುದನ್ನು ನಿಲ್ಲಿಸಿದರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಅಮೆರಿಕ ತನ್ನ ದಕ್ಷಿಣ ಗಡಿಯಲ್ಲಿ 1980ರ ದಶಕದ ನಂತರ ಕಾವಲು ಬಿಗಿಮಾಡಿದಾಗಲೂ ನಡೆದದ್ದು ಇದೇ ಎಂದು ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ದಶಕಗಳ ಕಾಲ ದಾಖಲಿಸಿದ್ದಾರೆ: ಬರುವವರು ನಿಲ್ಲಲಿಲ್ಲ, ಮರಳುವವರು ನಿಂತರು. ದಾಖಲೆಯಿಲ್ಲದೆ ನೆಲೆಸಿದವರ ಸಂಖ್ಯೆ 1990ರ 35 ಲಕ್ಷದಿಂದ 2007ಕ್ಕೆ 1.2 ಕೋಟಿ ದಾಟಿತು.

ಕೆಲವೊಮ್ಮೆ ವಲಸಿಗರು ಮಾಡುತ್ತಿದ್ದುದೇನು ಎಂಬುದು ಅವರನ್ನು ಓಡಿಸಿದ ಮೇಲೆ ತಿಳಿಯುತ್ತದೆ. 1972ರ ಆಗಸ್ಟ್‌ನಲ್ಲಿ ಉಗಾಂಡದ ಇದಿ ಅಮೀನ್ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಕೊಟ್ಟ. ಅಂಗಡಿ, ಗಿರಣಿ, ಕಾರ್ಖಾನೆಗಳು ಸೈನಿಕರ ಮತ್ತು ಬೆಂಬಲಿಗರ ಪಾಲಾಗಿ ಒಂದೊಂದಾಗಿ ನಿಂತುಹೋದವು. ಕಾಕಿರದ ಸಕ್ಕರೆ ಕಾರ್ಖಾನೆಯನ್ನು ನಡೆಸಲು 1980ರ ದಶಕದಲ್ಲಿ ಅದನ್ನು ಕಟ್ಟಿದ್ದ ಮಾಧ್ವಾನಿ ಕುಟುಂಬವನ್ನೇ ಮರಳಿ ಕರೆಸಬೇಕಾಯಿತು. ಓಡಿಸಲ್ಪಟ್ಟವರಲ್ಲಿ ಸುಮಾರು 28,000 ಜನ ಬ್ರಿಟನ್ ಸೇರಿದರು. ಅವರು ಹೊರಡುವ ಮುನ್ನವೇ ಬ್ರಿಟನ್ನಿನ ಲೆಸ್ಟರ್ ನಗರಸಭೆ ಸಾವಿರಾರು ಮೈಲಿ ದೂರದ ಉಗಾಂಡದ ಪತ್ರಿಕೆಯಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸಿತ್ತು: ನಿಮ್ಮ ಹಾಗೂ ನಿಮ್ಮ ಕುಟುಂಬದ ಹಿತದೃಷ್ಟಿಯಿಂದ ಲೆಸ್ಟರ್‌ಗೆ ಬರಬೇಡಿ, ಇಲ್ಲಿ ಮನೆಗಳಿಲ್ಲ, ಶಾಲೆಗಳಲ್ಲಿ ಜಾಗವಿಲ್ಲ ಎಂಬುದು ಅದರ ಸಾರಾಂಶ. ಅದನ್ನು ಓದಿದ ಮೇಲೆಯೇ ಲೆಸ್ಟರ್ ಎಂಬ ಊರಿದೆ ಎಂದು ಗೊತ್ತಾಯಿತೆಂದು ನಕ್ಕವರೂ ಉಂಟು. 2021ರ ಜನಗಣತಿಯಲ್ಲಿ ಆ ನಗರದ ಶೇ. 43ರಷ್ಟು ಜನ ತಮ್ಮನ್ನು ಏಷ್ಯನ್ ಮೂಲದವರೆಂದು ಗುರುತಿಸಿಕೊಂಡರು. ನಗರಸಭೆ ಅಂದು ಹೇಳಿದ ಮಾತು ಅಪ್ಪಟ ಸುಳ್ಳೇನಲ್ಲ. ಮನೆಗಳೂ ಶಾಲೆಗಳೂ ನಿಜಕ್ಕೂ ಕಿಕ್ಕಿರಿದಿದ್ದವು. ಅದು ಖರ್ಚಿನ ಪುಟವನ್ನು ಸರಿಯಾಗಿಯೇ ಓದಿತ್ತು, ಮುಂದಿನ ಪುಟ ಇನ್ನೂ ಬರೆದಿರಲಿಲ್ಲ.

ಸಂಸ್ಕೃತಿಯ ವಿಷಯದಲ್ಲಿ ಜಮಾಖರ್ಚಿನ ಭಾಷೆ ಅಷ್ಟಾಗಿ ಒದಗುವುದಿಲ್ಲ. ಇಲ್ಲಿ ಅಂಕಿಗಳಿಗಿಂತ ಒಂದು ಕಟ್ಟಡವನ್ನು ನೋಡುವುದು ಮೇಲು. ಲಂಡನ್ನಿನ ಪೂರ್ವಭಾಗದಲ್ಲಿ ಬ್ರಿಕ್ ಲೇನ್ ಮತ್ತು ಫೋರ್ನಿಯರ್ ಬೀದಿ ಕೂಡುವ ಮೂಲೆಯಲ್ಲಿ ಇಟ್ಟಿಗೆಯ ಸಾದಾ ಕಟ್ಟಡವೊಂದಿದೆ. 1743ರಲ್ಲಿ ಅದನ್ನು ಕಟ್ಟಿಸಿದ್ದು ರೇಷ್ಮೆ ನೇಯುತ್ತಿದ್ದ ಹ್ಯೂಗನಾಟರು, ತಮ್ಮ ಪ್ರಾರ್ಥನೆಗಾಗಿ. ಅವರ ಮೊಮ್ಮಕ್ಕಳು ಇಂಗ್ಲಿಷರಾಗಿ ಕರಗಿಹೋದ ಮೇಲೆ 1819ರಲ್ಲಿ ಅದು ಮೆಥಾಡಿಸ್ಟರ ಚರ್ಚಾಯಿತು. ರಷ್ಯನ್ ಸಾಮ್ರಾಜ್ಯದಿಂದ ಯಹೂದಿಗಳು ಬಂದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಸಿನಗಾಗ್ ಆಯಿತು. ಯಹೂದಿಗಳು ಬೇರೆ ಬಡಾವಣೆಗಳಿಗೆ ಹೊರಟುಹೋಗಿ ಬಾಂಗ್ಲಾದೇಶೀಯರು ಬಂದ ಮೇಲೆ, 1976ರಲ್ಲಿ, ಮಸೀದಿಯಾಯಿತು. ಗೋಡೆಯ ಮೇಲ್ಭಾಗದಲ್ಲಿ ಮೊದಲ ಒಡೆಯರು ಕೂರಿಸಿದ ನೆರಳು ಗಡಿಯಾರ ಇನ್ನೂ ಇದೆ. ಅದರ ಮೇಲೆ ಲ್ಯಾಟಿನ್ನಿನಲ್ಲಿ, ನಾವು ನೆರಳು ಎಂದು ಕೊರೆದಿದೆ. ಬಂದ ಪ್ರತಿಯೊಂದು ಗುಂಪನ್ನೂ ಹಿಂದಿನವರು, ಇವರು ಎಂದೂ ನಮ್ಮೊಂದಿಗೆ ಬೆರೆಯರು ಎಂದೇ ಕಂಡರು. ಹಾಗೆ ಕಂಡವರಲ್ಲಿ ಹಿಂದಿನ ವಲಸಿಗರ ಮಕ್ಕಳೂ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಸಂಸ್ಕೃತಿ ಎಂದರೆ ಬಂದವರು ತಂದದ್ದನ್ನು ಇದ್ದವರದ್ದಕ್ಕೆ ಕೂಡಿಸಿದ ಮೊತ್ತವಲ್ಲ. ಎರಡೂ ಕಡೆಯದು ಕರಗಿ ಮೂರನೆಯದೊಂದು ಹುಟ್ಟುತ್ತದೆ. 1914ರ ಗಣತಿಯಲ್ಲಿ ಅರ್ಜೆಂಟೀನದ ಜನಸಂಖ್ಯೆಯ ಸುಮಾರು ಶೇ. 30 ಹೊರಗೆ ಹುಟ್ಟಿದವರು, ಅವರಲ್ಲಿ ಇಟಲಿಯವರದ್ದೇ ದೊಡ್ಡ ಪಾಲು. ಬ್ಯೂನಸ್ ಐರಿಸ್‌ನ ಕಿಕ್ಕಿರಿದ ವಠಾರಗಳಲ್ಲಿ ಇಟಲಿಯ ಹತ್ತಾರು ಉಪಭಾಷೆಗಳು ಸ್ಪ್ಯಾನಿಷ್ ಜೊತೆ ಬೆರೆತು 'ಲುನ್‌ಫಾರ್ದೊ' ಎಂಬ ಬೀದಿಮಾತು ಹುಟ್ಟಿತು. ಕೆಲಸಕ್ಕೆ ಅಲ್ಲಿನವರು ಇಂದಿಗೂ ಆಡುವ ಮಾತು 'ಲಬುರೊ'. ಇಟಾಲಿಯನ್ನಿನ 'ಲವೊರೊ' ನಾಲಿಗೆಯಲ್ಲಿ ತಿರುಗಿದ್ದು. ಬೀದಿಯ ಆ ಮಾತು ಟ್ಯಾಂಗೊ ಹಾಡುಗಳಿಗೆ ಏರಿತು, ಹಾಡು ದೇಶದ ಗುರುತಾಯಿತು.

ಹೀಗೆ ಬರೆಯುತ್ತಾ ಹೋದರೆ ವಲಸೆ ಬರೀ ಸೊಗಸಿನ ಕತೆ ಎನ್ನಿಸಬಹುದು. ಅಮೆರಿಕ, ಅರ್ಜೆಂಟೀನ, ಆಸ್ಟ್ರೇಲಿಯಗಳಲ್ಲಿ ಬಂದವರಿಗೆ ಹಂಚಿದ ನೆಲ ಖಾಲಿ ನೆಲವಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳ ಪಾಲಿಗೆ ಈ ಲೆಕ್ಕದಲ್ಲಿ ಜಮೆಯ ಪುಟವೇ ಇಲ್ಲ. ಹಾಗೆ ನೆಲ ಹಿಡಿದವರು ಮುಂದೆ ತಾವೇ ಬಾಗಿಲಲ್ಲಿ ನಿಂತು, ಯಾರು ಬರಬಹುದೆಂದು ನಿರ್ಧರಿಸಿದರು. ಆಸ್ಟ್ರೇಲಿಯ 1901ರ ಕಾನೂನಿನಲ್ಲಿ ಬಣ್ಣದ ಮಾತನ್ನೇ ಎತ್ತಲಿಲ್ಲ; ಯುರೋಪಿನ ಯಾವುದೋ ಒಂದು ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಬರೆಯಬೇಕು ಎಂದಿತು, ಭಾಷೆ ಯಾವುದೆಂಬುದು ಅಧಿಕಾರಿಯ ಮರ್ಜಿ. 1934ರಲ್ಲಿ ಹಿಟ್ಲರನ ವಿರುದ್ಧ ಮಾತಾಡಲು ಬಂದ ಎಗೊನ್ ಕಿಶ್ ಎಂಬ ಪತ್ರಕರ್ತನಿಗೆ ಯುರೋಪಿನ ಹಲವು ಭಾಷೆಗಳು ಬರುತ್ತಿದ್ದವು. ಅವನನ್ನು ತಡೆಯಲೇಬೇಕಿದ್ದ ಅಧಿಕಾರಿಗಳು ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಉಕ್ತಲೇಖನ ಕೊಟ್ಟರು. ದೇಶದ ಉಚ್ಚ ನ್ಯಾಯಾಲಯ ಆ ಕಾನೂನಿನ ಅರ್ಥದಲ್ಲಿ ಗೇಲಿಕ್ ಯುರೋಪಿನ ಭಾಷೆಯೇ ಅಲ್ಲ ಎಂದು ತೀರ್ಪಿತ್ತಿತು. ಸ್ಕಾಟ್ ಮೂಲದ ಆಸ್ಟ್ರೇಲಿಯನ್ನರು ಅವಮಾನದಿಂದ ಕುದಿದರು.

ವಲಸಿಗರು ಕಾನೂನಿಗೆ ಒಳಗಾದವರು ಮಾತ್ರವಲ್ಲ, ಕಾನೂನನ್ನು ರೂಪಿಸಿದವರೂ ಹೌದು. 1860ರ ದಶಕದಲ್ಲಿ ಸಿಯೆರಾ ನೆವಾಡದ ಗ್ರಾನೈಟ್ ಕೊರೆದು ಅಮೆರಿಕದ ಎರಡು ಕರಾವಳಿಗಳನ್ನು ಜೋಡಿಸುವ ರೈಲು ದಾರಿಗೆ ಹಾದಿ ಮಾಡಿದವರಲ್ಲಿ ಬಹುಪಾಲು ಚೀನೀಯರು. ಬಿಳಿಯ ಕಾರ್ಮಿಕರಷ್ಟೇ ಕೂಲಿ ಬೇಕೆಂದು 1867ರ ಜೂನ್‌ನಲ್ಲಿ ಅವರು ಮುಷ್ಕರ ಹೂಡಿದಾಗ ಕಂಪನಿ ಬೆಟ್ಟದ ಮೇಲಿನ ಶಿಬಿರಗಳಿಗೆ ಆಹಾರ ಕಳಿಸುವುದನ್ನೇ ನಿಲ್ಲಿಸಿ ಮುಷ್ಕರ ಮುರಿಯಿತು. ದಾರಿ ಪೂರ್ತಿಯಾದದ್ದು 1869ರ ಮೇ 10ರಂದು. ಹದಿಮೂರೇ ವರ್ಷದಲ್ಲಿ, 1882ರಲ್ಲಿ, ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸುವ ಕಾನೂನು ಬಂತು; ಅದು ರದ್ದಾಗಲು 1943 ಬರಬೇಕಾಯಿತು.

ಈ ನಿಷೇಧದ ನೆರಳಲ್ಲೇ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನ ಮೊಕದ್ದಮೆ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ್ದ ಅವನು ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ, ನೀನು ಇಲ್ಲಿನ ಪೌರನಲ್ಲ ಎಂದು ಹಡಗಿನಿಂದ ಇಳಿಯಗೊಡದೆ ತಿಂಗಳುಗಟ್ಟಲೆ ಬಂದರಿನಲ್ಲೇ ಇರಿಸಿದರು. 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್, ಇಬ್ಬರು ನ್ಯಾಯಮೂರ್ತಿಗಳ ವಿರುದ್ಧ ಆರು ನ್ಯಾಯಮೂರ್ತಿಗಳ ಬಹುಮತದಿಂದ, ಆ ನೆಲದಲ್ಲಿ ಹುಟ್ಟಿದವನು ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯಂತೆ ಆ ನೆಲದ ಪೌರ ಎಂದು ತೀರ್ಪು ಕೊಟ್ಟಿತು. ನಂತರದ ನೂರಕ್ಕೂ ಹೆಚ್ಚು ವರ್ಷ ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ಅಮೆರಿಕದವರಾಗಿ ಹುಟ್ಟಿದ್ದು ಈ ತೀರ್ಪಿನ ಬಲದಿಂದ. 2025ರ ಜನವರಿ 20ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್, ದಾಖಲೆಯಿಲ್ಲದ ಅಥವಾ ತಾತ್ಕಾಲಿಕ ವೀಸಾದ ಮೇಲಿರುವವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ನಿರಾಕರಿಸುವ ಆದೇಶಕ್ಕೆ ಸಹಿ ಹಾಕಿದ ಮೇಲೆ ನ್ಯಾಯಾಲಯಗಳಲ್ಲಿ ಮತ್ತೆ ಚರ್ಚೆಗೆ ಬಂದದ್ದು ಆ ಅಡುಗೆಯವನ ಹೆಸರೇ.

ಗೆದ್ದ ಮೇಲೂ ಅವನು ಮೆಕ್ಸಿಕೊ ಗಡಿಯ ಎಲ್ ಪಾಸೊದಲ್ಲಿ 1901ರಲ್ಲಿ ಮತ್ತೆ ಬಂಧನಕ್ಕೊಳಗಾದ, ಅಕ್ರಮವಾಗಿ ದೇಶದಲ್ಲಿರುವ ಚೀನೀಯನೆಂದು. ಆ ಪ್ರಕರಣ ವಜಾ ಆಗಲು ತಿಂಗಳುಗಳೇ ಹಿಡಿದವು. ಅವನ ಕಿರಿಯ ಮಗ 1926ರಲ್ಲಿ, ಹನ್ನೊಂದು ವರ್ಷದ ಹುಡುಗನಾಗಿ, ಚೀನಾದಿಂದ ಬಂದು ಅಧಿಕಾರಿಗಳ ವಿಚಾರಣೆ ಮುಗಿಸಿ ಸ್ಯಾನ್ ಫ್ರಾನ್ಸಿಸ್ಕೊ ಪ್ರವೇಶಿಸಿದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಅವನನ್ನು ಸೇವೆಗೆ ಕರೆಯಿತು. ಯುದ್ಧ ಮುಗಿದ ಮೇಲೂ ಅವನು ಅದೇ ದೇಶದ ವಾಣಿಜ್ಯ ಹಡಗುಗಳಲ್ಲಿ ದುಡಿದ.